ಉಳ್ಳಾಗಡ್ಡಿ ಎಂದು ಕೂಗಿದ ದಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಇವತ್ತಿಗೂ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಸುಳ್ಳೇನಲ್ಲ. ಸುರಪುರದ ಒಂದು ಕಚೇರಿಯಲ್ಲಿ ಜವಾನನಾಗಿದ್ದ ಅಪ್ಪ ನನಗೆ ರಸಾಯನಶಾಸ್ತ್ರ ಓದಿಸಿದಾಗ, ಮಗಳು ಶಾಲೆಯ ಟೀಚರ್ ಆಗುತ್ತಾಳೆ ಎಂದುಕೊಂಡಿದ್ದ. ನಾನು ಸೇಫ್ಟಿ ಡಿಪ್ಲೊಮಾ ಮಾಡಿಕೊಂಡು ಸೈದಾಪುರದ ಹತ್ತಿರ ಕಡೇಚೂರಿನ ಕಾರ್ಖಾನೆಯೊಂದಕ್ಕೆ ಸುರಕ್ಷತಾ ಅಧಿಕಾರಿಯಾಗಿ ಸೇರಿಕೊಂಡೆ. ಗಂಡಸರೇ ತುಂಬಿದ ಜಾಗದಲ್ಲಿ ಹೆಲ್ಮೆಟ್ ಹಾಕ್ರಿ, ಕನ್ನಡಕ ಹಾಕ್ರಿ, ಅಲ್ಲಿ ನಿಲ್ಲಬ್ಯಾಡ್ರಿ ಎಂದು ದಿನವಿಡೀ ಬೈಯುವ ಕೆಲಸ. ನನ್ನಂಥವಳಿಗೆ ಇನ್ನೇನು ಬೇಕು?

ನಮ್ಮಲ್ಲಿ ಗುಳಿಗೆ ತಯಾರಾಗುವುದಿಲ್ಲ, ಗುಳಿಗೆಗೆ ಬೇಕಾದ ಕಚ್ಚಾ ಪದಾರ್ಥ ತಯಾರಾಗುತ್ತದೆ. ಅದಕ್ಕೆ ಬಳಸುವ ರಾಸಾಯನಿಕಗಳಲ್ಲಿ ಡೈಮೀಥೈಲ್ ಸಲ್ಫೇಟ್ ಒಂದು. ಕೆಲಸಗಾರರ ಬಾಯಲ್ಲಿ ಅದು ಡಿಎಂಎಸ್. ನೋಡುವುದಕ್ಕೆ ನೀರಿನಷ್ಟು ತಿಳಿ. ಹೊಲಕ್ಕೆ ಹೊಡೆಯುವ ಕೀಟನಾಶಕದ ಎಣ್ಣೆಯಾದರೆ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯುತ್ತದೆ, ಹಾಗಾಗಿ ಹೊಲ ಬಿಟ್ಟು ಕಾರ್ಖಾನೆಗೆ ಬಂದ ನಮ್ಮ ಕಡೆಯವರ ಲೆಕ್ಕದಲ್ಲಿ ವಿಷ ಎಂದರೆ ಘಾಟು. ಇದಕ್ಕೆ ಘಾಟಿಲ್ಲ. ಒಳಗೆ ಎಳೆದುಕೊಂಡವನು ಕೆಮ್ಮದೆ, ಕಣ್ಣುಜ್ಜದೆ, ಸಿಳ್ಳೆ ಹಾಕಿಕೊಂಡು ಮನೆಗೆ ಹೋಗಬಹುದು. ಕೆಲವು ತಾಸು ಕಳೆದ ಮೇಲೆ ಕಣ್ಣು ಕೆಂಪಗಾಗುತ್ತದೆ, ಧ್ವನಿ ಒಡೆಯುತ್ತದೆ, ಗಂಟಲು ಬಾತು ಪುಪ್ಪುಸದಲ್ಲಿ ನೀರು ತುಂಬಿಕೊಳ್ಳುತ್ತದೆ. ಅಷ್ಟೊತ್ತಿಗೆ ಆಸ್ಪತ್ರೆಯಲ್ಲಿದ್ದರೆ ಬದುಕು, ಊರಲ್ಲಿದ್ದರೆ ದೇವರೇ ಗತಿ. ಅದಕ್ಕೆ ಇರುವ ವಾಸನೆ ಒಂದೇ, ಅದೂ ಬಹಳ ತೆಳುವಾದದ್ದು. ಉಳ್ಳಾಗಡ್ಡಿಯ ವಾಸನೆ.

ಬೆಂಗಳೂರಿನವರು ಈರುಳ್ಳಿ ಎನ್ನುವುದೇ ನಮ್ಮ ಉಳ್ಳಾಗಡ್ಡಿ. ಆದರೆ ಅವರು ಅದನ್ನು ಹೆಚ್ಚಿ ಸಾರಿಗೆ ಹಾಕುತ್ತಾರೆ, ನಾವು ಇಡಿಯಾಗಿ ತಿನ್ನುತ್ತೇವೆ. ಮಧ್ಯಾಹ್ನ ಶೆಡ್ಡಿನ ಹಿಂದಿನ ಬೇವಿನ ಮರದ ಕೆಳಗೆ ನಮ್ಮವರು ಊಟಕ್ಕೆ ಕೂತರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಎಲ್ಲ ಬಿಚ್ಚಿಟ್ಟ ಮೇಲೂ ಯಾರೂ ಕೈ ಹಚ್ಚುತ್ತಿರಲಿಲ್ಲ. ಮೊದಲು ಒಂದು ಉಳ್ಳಾಗಡ್ಡಿಯನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟು ಮುಷ್ಟಿಯಿಂದ ಗುದ್ದಬೇಕು. ಚಾಕುವಿನಿಂದ ಹೆಚ್ಚಿದರೆ ರುಚಿ ಕೆಡುತ್ತದೆಯಂತೆ. ಆ ಗುದ್ದುವ ಹಕ್ಕು ಡ್ರಮ್ ಕೋಣೆಯ ಹಿರಿಯ ಆಪರೇಟರ್ ಒಬ್ಬರದಾಗಿತ್ತು. ಕೊಂಕಲ್‌ನವರು, ಕುರಿ ಸಾಕುವ ಮನೆತನ, ಎತ್ತರದ ಆಳು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಡಿಎಂಎಸ್ ಡ್ರಮ್ಮಿನ ಬಿರಡೆ ಬಿಚ್ಚಿ, ಪೈಪ್ ಇಳಿಸಿ, ದ್ರವವನ್ನು ರಿಯಾಕ್ಟರಿಗೆ ಎಳೆಸುವ ಕೆಲಸ ಅವರ ಕೈಯಲ್ಲಿತ್ತು. ಕೈಯಲ್ಲಿತ್ತು ಎಂದರೆ ಅಕ್ಷರಶಃ ಕೈಯಲ್ಲೇ. ಮುಚ್ಚಿದ ಪೈಪ್ ಲೈನ್ ಆಗ ನಮ್ಮಲ್ಲಿ ಇರಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಊಟ ಮುಗಿಸಿ ಬಂದವರು ಡ್ರಮ್ ಕೋಣೆಯಲ್ಲಿ ಕೆಲಸ ಶುರು ಮಾಡಿದರು. ಉಳ್ಳಾಗಡ್ಡಿ ವಾಸನೆ ಬಂತು. ನಿನ್ನ ಬಾಯಿ ನಾರುತ್ತದೆ ಎಂದು ಇವನು ಅವನಿಗೆ, ಅವನು ಇವನಿಗೆ ಹೇಳಿ ನಕ್ಕರು. ಆ ಸಂಜೆ ಅವರಲ್ಲೊಬ್ಬನಿಗೆ ಮನೆಯಲ್ಲಿ ಕಣ್ಣೀರು ಸುರಿಯತೊಡಗಿತು. ಒಲೆಯ ಹತ್ತಿರ ಅವನ ತಾಯಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳಂತೆ, ಅದರದೇ ಖಾರ ಎಂದುಕೊಂಡ. ಮರುದಿನ ಬಾತ ಕೆಂಪು ಕಣ್ಣು ಹೊತ್ತು ಪಾಳಿಗೆ ಬಂದವನನ್ನು ನಾನು ಗೇಟಿನಲ್ಲೇ ಹಿಡಿದು ಯಾದಗಿರಿ ಆಸ್ಪತ್ರೆಗೆ ಕಳಿಸಿದೆ. ಪುಣ್ಯಕ್ಕೆ ಕಣ್ಣಿಗಷ್ಟೇ ತಾಗಿತ್ತು, ವಾಸಿಯಾಯಿತು. ಹೋಗಿ ನೋಡಿದರೆ ಪೈಪಿನ ಜೋಡಣೆಯಲ್ಲಿ ವಾಷರ್ ಸವೆದು ಡಿಎಂಎಸ್ ಜಿನುಗುತ್ತಿತ್ತು. ವಾಸನೆ ಬಂದಾಗ ಅವರು ನಕ್ಕದ್ದು ಆಗ ನನಗೆ ತಿಳಿಯಿತು. ಮೂಗು ಹೇಳಿದ್ದು ಸತ್ಯ, ಇವರು ಅದನ್ನು ತಮಾಷೆ ಮಾಡಿ ಕಳಿಸಿದ್ದರು.

ಡಿಎಂಎಸ್ ವಿಷಯದಲ್ಲಿ ಮೂಗನ್ನು ನಂಬುವ ಹಾಗಿಲ್ಲ ಎಂಬುದು ನನಗೆ ಗೊತ್ತಿತ್ತು. ವಾಸನೆ ಬರುವಷ್ಟು ಇದೆ ಎಂದರೆ ಆಗಲೇ ಇರಬಾರದಷ್ಟು ಇದೆ ಎಂದೇ ಅರ್ಥ. ಬೇಕಾದದ್ದು ಮುಚ್ಚಿದ ಪೈಪ್ ಲೈನ್, ಗಾಳಿಯಲ್ಲಿ ಅದನ್ನು ಪತ್ತೆ ಹಚ್ಚುವ ಮೀಟರ್, ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್. ಮೂರನ್ನೂ ಕೇಳಿದೆ. ಹೈದರಾಬಾದಿನಿಂದ ಬಂದಿದ್ದ ಪ್ಲಾಂಟ್ ಹೆಡ್ ಕೆಟ್ಟ ಮನುಷ್ಯರಲ್ಲ, ಆದರೆ ಎಲ್ಲದಕ್ಕೂ ನೋಡೋಣ ಎನ್ನುವವರು. ಅವರು ನೋಡುವವರೆಗೆ ನಾನೇನು ಮಾಡಲಿ? ಇದ್ದ ಮಾಸ್ಕ್ ಎಂದರೆ ಮುಂದೆ ಫಿಲ್ಟರ್ ಡಬ್ಬಿ ಕೂಡಿಸಿದ್ದು. ಆ ಡಬ್ಬಿಯ ತಾಕತ್ತು ಮುಗಿದು ವಿಷ ಒಳಗೆ ನುಸುಳಿದರೆ ಗೊತ್ತಾಗುವುದು ಹೇಗೆ? ಮೀಟರ್ ಬರುವ ತನಕ ಉಳಿದದ್ದು ಮೂಗೊಂದೇ. ಬೆಳಿಗ್ಗೆ ಉಳ್ಳಾಗಡ್ಡಿ ತಿಂದು ಬಂದವನಿಗೆ ಮಾಸ್ಕಿನೊಳಗೆ ದಿನವಿಡೀ ತನ್ನ ಬಾಯಿಯ ವಾಸನೆಯೇ ತುಂಬಿರುತ್ತದೆ.

ಅವತ್ತೇ ಹೇಳಿಬಿಟ್ಟೆ. ಇನ್ನು ಮೇಲೆ ಕಾರ್ಖಾನೆಯೊಳಗೆ ಉಳ್ಳಾಗಡ್ಡಿ ಬರಕೂಡದು, ಡ್ರಮ್ ಕೋಣೆಯ ಪಾಳಿ ಇದ್ದವರು ಮನೆಯಲ್ಲೂ ತಿಂದು ಬರಕೂಡದು.

ನಾನು ಸಂಬಳ ನಿಲ್ಲಿಸಿದ್ದರೂ ಅಷ್ಟು ಗದ್ದಲ ಆಗುತ್ತಿರಲಿಲ್ಲ. ಪ್ಲಾಂಟ್ ಹೆಡ್ ನಕ್ಕರು, ಈ ನಿಯಮವನ್ನು ಹೆಡ್ ಆಫೀಸಿನವರಿಗೆ ಯಾವ ಮುಖ ಹೊತ್ತು ಹೇಳಲಿ ಎಂದರು. ಕೆಲಸಗಾರರು ಮುಖ ಊದಿಸಿಕೊಂಡರು. ಬೇವಿನ ಮರದ ಕೆಳಗೆ ಎಲ್ಲರೂ ಬರೀ ಚಟ್ನಿಯಲ್ಲಿ ರೊಟ್ಟಿ ಅದ್ದುತ್ತ, ನಾನು ಆ ಕಡೆ ಹಾಯ್ದಾಗಲೆಲ್ಲ ಗಂಟಲಿಗೆ ರೊಟ್ಟಿ ಸಿಕ್ಕಿದವರಂತೆ ನಾಟಕ ಮಾಡುತ್ತಿದ್ದರು. ಕಾಕಾ ಮಾತ್ರ ನೇರವಾಗಿ ನನ್ನ ಕೋಣೆಗೇ ಬಂದರು.

"ಮೊದಲ ಪೈಪ್ ಲೈನ್ ತರಸ್ರಿ ಮೇಡಂ, ಆಮ್ಯಾಲ ನಮ್ಮ ಉಳ್ಳಾಗಡ್ಡಿ ಬಿಡಸ್ರಿ" ಎಂದರು.

ಅವರ ಮಾತು ನ್ಯಾಯದ್ದೇ. ತರಬೇಕಾದದ್ದನ್ನು ಕಂಪನಿ ತರದೆ ತಿನ್ನುವವನ ತಾಟಿಗೆ ಕೈ ಹಾಕುವುದು ನನಗೂ ಸರಿಯಾಗಿ ಕಂಡಿರಲಿಲ್ಲ. ಸಿಟ್ಟು ಬಂತು, ಅವರ ಮೇಲಲ್ಲ. ಪೈಪ್ ಲೈನಿಗಾಗಿ ನಾನು ಜಗಳ ಆಡುತ್ತಲೇ ಇರುತ್ತೇನೆ, ಅದು ಬರುವ ತನಕ ನೀವು ಬದುಕಿರಬೇಕಲ್ಲ ಎಂದೆ. ಹಾಗಾದರೆ ನೀವೂ ಬಿಡುತ್ತೀರೇನು ಎಂದು ಕಾಕಾ ಕೇಳಿದರು. ಬಿಡುತ್ತೇನೆ ಎಂದುಬಿಟ್ಟೆ. ಬೆಳಿಗ್ಗೆ ಉಳ್ಳಾಗಡ್ಡಿ ಇಲ್ಲದ ಸೂಸಲ, ಅಂದರೆ ಮಂಡಕ್ಕಿ ಒಗ್ಗರಣೆ, ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆದರೂ ಆಡಿದ ಮಾತಿಗೆ ತಪ್ಪಲಿಲ್ಲ. ಅವರೂ ತಪ್ಪಲಿಲ್ಲ. ಗುದ್ದುವ ಹಕ್ಕಿದ್ದವರೇ ಬಿಟ್ಟ ಮೇಲೆ ಉಳಿದವರದೇನು ನಡೆಯುತ್ತದೆ?

ಎಚ್ಚರಿಕೆಯ ಕೂಗನ್ನು ಕೊಟ್ಟವರೂ ಅವರೇ. ಸೋರಿಕೆ ಆದರೆ ಎಮರ್ಜೆನ್ಸಿ ಎಂದು ಕೂಗಬೇಕೆಂದು ಗೋಡೆಯ ಮೇಲೆ ಬರೆದಿತ್ತು. ಅಭ್ಯಾಸದ ದಿನ ಯಾರ ಬಾಯಿಂದಲೂ ಆ ಶಬ್ದ ನೆಟ್ಟಗೆ ಹೊರಡುತ್ತಿರಲಿಲ್ಲ, ಒಬ್ಬ ಎಮರ್ಜಿ ಅಂದರೆ ಇನ್ನೊಬ್ಬ ಏನಂತೀ ಎಂದು ಕೇಳಿಕೊಂಡು ನಿಲ್ಲುತ್ತಿದ್ದ. ವಾಸನೆ ಬಂದರೆ ಉಳ್ಳಾಗಡ್ಡಿ ಅಂತಲೇ ಒದರುತ್ತೇವೆ, ಅದನ್ನು ಯಾರೂ ತಪ್ಪು ಕೇಳುವುದಿಲ್ಲ ಎಂದರು ಕಾಕಾ. ಕಾರ್ಖಾನೆಯೊಳಗೆ ಉಳ್ಳಾಗಡ್ಡಿಯೇ ಇಲ್ಲದ ಮೇಲೆ ಆ ಹೆಸರಿಗೆ ಬೇರೆ ಕೆಲಸವೂ ಇರಲಿಲ್ಲ. ಒಡಿಶಾದಿಂದ ಬಂದವರಿಗೂ ಬಿಹಾರದವರಿಗೂ ಕಲಿಸಿದೆವು. ಕೂಗು ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಬಿಟ್ಟು, ಗಾಳಿ ಬರುವ ದಿಕ್ಕಿನ ಕಡೆ ಓಡಬೇಕು. ಹಿಂದೆ ತಿರುಗಿ ನೋಡಬಾರದು.

ಆದರೆ ನನ್ನ ಚಿಂತೆ ಓಡಿದ ಮೇಲಿನದು. ಏನೂ ಆಗಿಲ್ಲ ಎಂದು ಮನೆಗೆ ಹೋಗುವವನನ್ನು ತಡೆಯುವವರು ಯಾರು? ಆಯುಧ ಪೂಜೆಯ ದಿನ ನಮ್ಮಲ್ಲಿ ಮನೆಯವರನ್ನೆಲ್ಲ ಒಳಗೆ ಬಿಡುತ್ತಾರೆ. ಹೆಂಗಸರು ಹೊಸ ಸೀರೆ ಉಟ್ಟು, ಗಂಡಂದಿರು ನಿಲ್ಲುವ ಯಂತ್ರಗಳಿಗೆ ಕುಂಕುಮ ಹಚ್ಚಿ, ಮಂಡಕ್ಕಿ ಪೇಡೆ ತೆಗೆದುಕೊಂಡು ಹೋಗುತ್ತಾರೆ. ಆ ವರ್ಷ ಪೇಡೆ ಕೊಡುವ ಮೊದಲು ಅವರನ್ನು ಕ್ಯಾಂಟೀನಿನಲ್ಲಿ ಕೂಡಿಸಿಕೊಂಡು ಡಿಎಂಎಸ್ ಏನು ಮಾಡುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಕಾನ ಹೆಂಡತಿ ಮುಂದೆಯೇ ಕೂತಿದ್ದರು. ಸಣ್ಣ ಆಕಾರ, ಗಂಡನ ಭುಜಕ್ಕೂ ಬರುವುದಿಲ್ಲ. ತಾಗಿದೆಯೋ ಇಲ್ಲವೋ ಗೊತ್ತಾಗುವುದು ಯಾವಾಗ ಎಂದು ಕೇಳಿದರು. ಬಂದವರು ಚೆನ್ನಾಗೇ ಇರುತ್ತಾರೆ, ಉಣ್ಣುತ್ತಾರೆ, ಮಾತಾಡುತ್ತಾರೆ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ ಎಂದೆ. ಅವರು ತಲೆಯಾಡಿಸಿದರು.

ಮುಂದೆ ಕಾಕಾನ ಮಗಳಿಗೆ ವರ ಗೊತ್ತಾಯಿತು. ಬೀಗರು ಸಂಜೆ ಕೊಂಕಲ್‌ಗೆ ಬಂದು ಮಾತು ಮುಗಿಸಿ, ಸೀರೆ ಉಡಿಸಿ ಹೋಗುವುದೆಂದು ಒಂದು ದಿನ ನಿಶ್ಚಯವಾಯಿತು. ಅವತ್ತೂ ಕಾಕಾ ಬೆಳಿಗ್ಗೆ ಪಾಳಿಗೆ ಬಂದಿದ್ದರು, ಮಧ್ಯಾಹ್ನ ರಜೆ ಬರೆಸಿಕೊಂಡಿದ್ದರು. ನಾನು ಬಾಯ್ಲರ್ ಹತ್ತಿರ ಯಾರನ್ನೋ ಬೈಯುತ್ತಿದ್ದೆ. ಡ್ರಮ್ ಕೋಣೆಯ ಕಡೆಯಿಂದ ಕೂಗು ಬಂತು. ಒಡಿಶಾದ ಆಪರೇಟರ್ ಒಬ್ಬ, ನಾವು ಕಲಿಸಿದ ಶಬ್ದವನ್ನು ತನ್ನ ನಾಲಗೆಗೆ ಬಂದ ಹಾಗೆ, "ಉಲ್ಲಾಗಡ್ಡಿ, ಉಲ್ಲಾಗಡ್ಡಿ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ.

ಜನ ಓಡಿದರು. ಯಾರೂ ನಗಲಿಲ್ಲ, ಯಾರೂ ಚಪ್ಪಲಿ ಹುಡುಕಲಿಲ್ಲ, ಪ್ಲಾಂಟ್ ಹೆಡ್ ಕೂಡ ಫೈಲು ಬಿಟ್ಟು ಓಡಿ ಬಂದರು. ಗಾಳಿಯ ದಿಕ್ಕು ತೋರಿಸುವ ಬಟ್ಟೆಪಟ್ಟಿ ನೋಡಿಕೊಂಡು ಎಲ್ಲರೂ ಸರಿಯಾದ ಕಡೆಗೇ ಬಂದು ನಿಂತದ್ದನ್ನು ಕಂಡು ಆ ಗಾಬರಿಯಲ್ಲೂ ನನ್ನ ಎದೆ ಉಬ್ಬಿತು. ಎಣಿಸಿದೆ. ಕಾಕಾ ಇರಲಿಲ್ಲ.

ಪೈಪ್ ಕ್ಲಾಂಪಿನ ಹತ್ತಿರ ಸೀಳಿತ್ತು. ಕಾಕಾ ವಾಲ್ವ್ ತಿರುಗಿಸಿ ಮುಚ್ಚಿಯೇ ಹೊರಬಿದ್ದರು. ಒಂದು ತೋಳು ಒದ್ದೆಯಾಗಿತ್ತು, ಮಾಸ್ಕ್ ಹಣೆಯ ಮೇಲಿತ್ತು. ಅದನ್ನು ಯಾಕೆ ಎತ್ತಿದಿರಿ ಎಂದು ಕಿರುಚಿದೆ. ಒಳಗಿನ ಮೂಲೆಯಲ್ಲಿ ಒಡಿಶಾದ ಆ ಆಪರೇಟರ್ ಇದ್ದ, ಮಾಸ್ಕಿನೊಳಗಿಂದ ಕೂಗಿದರೆ ಅವನಿಗೆ ಕೇಳುತ್ತಿರಲಿಲ್ಲವಂತೆ, ಎತ್ತಿ ಕೂಗಿದ್ದರು. ಕೂಗಬೇಕಾದರೆ ಉಸಿರು ಎಳೆದುಕೊಳ್ಳಲೇಬೇಕಲ್ಲ. ಬಟ್ಟೆಯನ್ನೆಲ್ಲ ಬಿಚ್ಚಿಸಿ ನೀರಿನ ಶವರಿನ ಕೆಳಗೆ ನಿಲ್ಲಿಸಿದೆವು. ಸಾಕು ಸಾಕು ಎಂದು ಅವರು ಗೊಣಗಿದರೂ ಬಿಡದೆ ನಿಲ್ಲಿಸಿದೆವು. ಮಾಸ್ಕ್ ಹಾಕಿಕೊಂಡ ಇನ್ನಿಬ್ಬರು ಆಮೇಲೆ ಹೋಗಿ ಚೆಲ್ಲಿದ್ದರ ಮೇಲೆ, ಅದರ ವಿಷ ಮುರಿಯುವ ಅಮೋನಿಯಾ ನೀರು ಸುರಿದು ಬಂದರು.

ಮೈ ಒರೆಸಿಕೊಂಡು, ಬೇರೆ ಸಮವಸ್ತ್ರ ಹಾಕಿಕೊಂಡು ಕಾಕಾ ನೆಟ್ಟಗೆ ಗೇಟಿನ ಕಡೆ ನಡೆದರು. ಆಂಬುಲೆನ್ಸಿನ ಬಾಗಿಲು ತೆರೆದುಕೊಂಡು ನಿಂತಿದ್ದ ನಾನು ಅಡ್ಡ ಬಂದೆ.

"ನನಗೇನಾಗ್ಯಾದ್ರೀ ಮೇಡಂ? ನೋಡ್ರಿ, ಗಟ್ಟಿ ನಿಂತೀನಿ. ಮನ್ಯಾಗ ಬೀಗರು ಬರಾಕತ್ಯಾರ" ಎಂದರು.

ಕೆಮ್ಮಿಲ್ಲ, ಕಣ್ಣು ಕೆಂಪಾಗಿಲ್ಲ, ಮಾತು ಖಣಖಣ. ನೋಡಿದವರು ಯಾರೂ ಇವರಿಗೆ ಆಸ್ಪತ್ರೆ ಬೇಕೆಂದು ಹೇಳುತ್ತಿರಲಿಲ್ಲ. ನಾನು ಹೇಳಿದೆ, ಬೈದೆ, ಕೈ ಮುಗಿದೆ. ಮಗಳ ಕೆಲಸ ಬಿಟ್ಟು ಆಸ್ಪತ್ರೆಯಲ್ಲಿ ಸುಮ್ಮನೆ ಮಲಗಿದರೆ ಬೀಗರ ಮುಂದೆ ಮಾನ ಹೋಗುತ್ತದೆ ಎಂದು ಒಂದೇ ಪಟ್ಟು ಹಿಡಿದರು. ಅವರು ಎಂಥ ಜಿದ್ದಿನವರೆಂದರೆ, ನನ್ನನ್ನು ಸರಿಸಿ ಊರಿಗೆ ಹೋಗುವ ಟಂಟಂ ಆಟೋ ಹತ್ತುವುದಕ್ಕೂ ಹೇಸುವವರಲ್ಲ. ಈ ಮನುಷ್ಯ ನನ್ನ ಕಣ್ಣೆದುರಿಗೇ ನಡೆದು ಹೋಗಿ ಸಾಯುತ್ತಾನೆ ಎನ್ನಿಸಿತು. ಕೊನೆಗೆ ಅವರ ಮನೆಗೆ ಫೋನು ಹಚ್ಚಿ, ಏನಾಯಿತೆಂದು ಹೆಂಡತಿಗೆ ಹೇಳಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಮೇಲೆ ಹಾಕಿದೆ. ಆ ಕಡೆ ಹೋಳಿಗೆಯ ಗಡಿಬಿಡಿ, ಹೆಂಗಸರ ಮಾತು ಕೇಳುತ್ತಿತ್ತು. ನಂತರ ಅದೆಲ್ಲ ನಿಂತಿತು.

"ಏನ್ರೀ, ಕೇಳ್ರಿ ಇಲ್ಲಿ" ಎಂದರು ಆಕೆ. "ಬೀಗರು ಇವತ್ತಲ್ಲ ನಾಳಿ ಬರ್ತಾರ. ನೀವು ಹೋದ್ರಂದ್ರ ತಿರುಗಿ ಬರಂಗಿಲ್ಲ. ಸುಮ್ನ ಆ ಗಾಡಿ ಹತ್ರಿ."

ಕಾಕಾ ತಲೆ ತಗ್ಗಿಸಿ ಆಂಬುಲೆನ್ಸ್ ಹತ್ತಿದರು. ನಾನೂ ಹತ್ತಿದೆ, ನಡುದಾರಿಯಲ್ಲಿ ಇಳಿದು ಹೋದಾರು ಎಂಬ ಭಯಕ್ಕೆ.

ಯಾದಗಿರಿಯ ಆಸ್ಪತ್ರೆಯಲ್ಲಿ ವೈದ್ಯರು ಎಲ್ಲ ಪರೀಕ್ಷಿಸಿ, ಈಗ ಏನೂ ಕಾಣುತ್ತಿಲ್ಲ ಎಂದರು. ಆದರೆ ನಾನು ತಂದುಕೊಟ್ಟ ಮಾಹಿತಿ ಓದಿಕೊಂಡು, ಬಿಡುವುದಿಲ್ಲ ಎಂದೂ ಹೇಳಿದರು. ಮಧ್ಯಾಹ್ನವಿಡೀ ಕಾಕಾ ಮಂಚದ ಮೇಲೆ ಕೂತು ನನ್ನನ್ನು ಚುಚ್ಚಿದ್ದೇ ಚುಚ್ಚಿದ್ದು. ಮೇಡಂ ನನಗೆ ಹೊಟ್ಟೆನೋವೂ ಇಲ್ಲ, ನಿಮ್ಮ ಮುಖ ನೋಡಿ ತಲೆನೋವು ಬಂದಿದೆ ಎನ್ನುತ್ತಿದ್ದರು. ಇವರಿಗೆ ಏನೂ ಆಗದಿರಲಿ, ಜನ್ಮವಿಡೀ ಹೀಗೇ ಚುಚ್ಚಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಗೇ ಏನೋ ತಮಾಷೆ ಮಾಡುತ್ತಿದ್ದವರ ಧ್ವನಿ ಮಾತಿನ ನಡುವೆ ಒಡೆಯಿತು. ಗಂಟಲು ಸರಿ ಮಾಡಿಕೊಂಡು ಮತ್ತೆ ಆಡಲು ಹೋದರು, ಬರೀ ಗಾಳಿ ಬಂತು. ಅವರು ನನ್ನ ಮುಖ ನೋಡಿದರು. ನಾನು ಹೊರಗೋಡಿ ನರ್ಸನ್ನು ಕರೆದೆ.

ಗಂಟಲು ಬಾತು ಉಸಿರು ಸಿಳ್ಳೆಯಂತೆ ಕೇಳುತ್ತಿತ್ತು. ಆದರೆ ಆಮ್ಲಜನಕ ಅವರ ತಲೆಯ ಹತ್ತಿರವೇ ಇತ್ತು, ವೈದ್ಯರು ಪಕ್ಕದ ಕೋಣೆಯಲ್ಲೇ ಇದ್ದರು, ಸೂಜಿ ಔಷಧಿ ಎಲ್ಲ ಮೊದಲೇ ತೆಗೆದಿಟ್ಟಿದ್ದರು. ವಿಷ ಬರುವ ಮುಂಚೆಯೇ ನಾವು ಹೋಗಿ ಅದರ ದಾರಿ ಕಾಯುತ್ತ ಕೂತಿದ್ದೆವು. ಕಾಕಾ ಸಾಯಲಿಲ್ಲ. ಬೆಳಗಾದಾಗ ವೈದ್ಯರು ಜೀವಕ್ಕೆ ಭಯವಿಲ್ಲ ಎಂದರು, ಕೊಂಕಲ್‌ನಲ್ಲಿದ್ದಿದ್ದರೆ ದಾರಿಯಲ್ಲೇ ಮುಗಿಯುತ್ತಿತ್ತು ಎಂದರು. ಧ್ವನಿಯ ವಿಷಯ ಮಾತ್ರ ಹೇಳಲಾಗದು, ಬಂದರೂ ಮೊದಲಿನ ಹಾಗೆ ಬರುತ್ತದೋ ಇಲ್ಲವೋ ಎಂದು ಸೇರಿಸಿದರು. ನಾನು ಆಸ್ಪತ್ರೆಯ ಹೊರಗಟ್ಟೆಯ ಮೇಲೆ ಕೂತು ಮನಸೋ ಇಚ್ಛೆ ಅತ್ತೆ. ಅದು ಗೆದ್ದವರ ಅಳು.

ಅಷ್ಟರಲ್ಲಿ ಕಾಕಾನ ಹೆಂಡತಿಯ ಹಿಂದೆ ಬೀಗರೂ ಬಂದರು. ಕೊಂಕಲ್‌ಗೆ ಹೋಗಿದ್ದವರು ಸುದ್ದಿ ತಿಳಿದು ಸೀರೆಯ ಗಂಟಿನ ಸಮೇತ ಆಸ್ಪತ್ರೆಗೇ ಬಂದಿದ್ದರು. ಕಾಕಾ ಅವರನ್ನು ಕಂಡು ಏಳಲು ಹೋದರು, ತುಟಿ ಅಲ್ಲಾಡಿತೇ ಹೊರತು ಶಬ್ದ ಬರಲಿಲ್ಲ, ನಾಚಿಕೆಯಿಂದ ಕಣ್ಣಲ್ಲಿ ನೀರು ತಂದುಕೊಂಡರು. ವರನ ತಂದೆ ಅವರ ಭುಜ ಹಿಡಿದು ಮಲಗಿಸಿದರು.

"ಮಾತು ಕೊಡಾಕ ಮೊದಲ ಮಾತು ಬರಬೇಕಲ್ರೀ ಬೀಗ್ರ. ಬರಲಿ. ನಾವು ಕಾಯ್ತೀವಿ" ಎಂದರು.

ಕಾರ್ಖಾನೆಗೆ ಹೋದವಳೇ ಡ್ರಮ್ ಕೋಣೆಗೆ ಬೀಗ ಜಡಿದು ಕೀಲಿ ನನ್ನ ಚೀಲದಲ್ಲಿ ಹಾಕಿಕೊಂಡೆ. ಮುಚ್ಚಿದ ಪೈಪ್ ಲೈನ್ ಬಾರದೆ ತೆರೆಯುವುದಿಲ್ಲ, ಬೇಕಾದರೆ ನನ್ನನ್ನು ತೆಗೆದು ಬೇರೆಯವರನ್ನು ಇಟ್ಟುಕೊಳ್ಳಿ ಎಂದು ಪ್ಲಾಂಟ್ ಹೆಡ್‌ಗೆ ಹೇಳಿದೆ. ಅವರು ನೋಡೋಣ ಎನ್ನಲಿಲ್ಲ. ನನ್ನೆದುರಿಗೇ ಹೆಡ್ ಆಫೀಸಿಗೆ ಫೋನ್ ಮಾಡಿ, ಉಳ್ಳಾಗಡ್ಡಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ನಗಬೇಡಿ ಎಂದು ಒಂದೆರಡು ಸಲ ಗದರಿಸಿದ್ದೂ ಕೇಳಿಸಿತು. ಮಳೆಗಾಲ ಮುಗಿಯುವುದರೊಳಗೆ ಪೈಪ್ ಲೈನ್ ಬಂತು, ಮೀಟರ್ ಬಂತು, ಗಾಳಿ ಕೊಡುವ ಮಾಸ್ಕ್ ಬಂತು. ಈಗ ಡಿಎಂಎಸ್ ಡ್ರಮ್ಮಿನಿಂದ ರಿಯಾಕ್ಟರಿಗೆ ಹೋಗುವುದನ್ನು ಯಾರ ಕೈಯೂ ಮುಟ್ಟುವುದಿಲ್ಲ, ಯಾರ ಮೂಗೂ ಕಾಯುವುದಿಲ್ಲ. ಮೊದಲ ಸಲ ಅದು ನಡೆದಾಗ ಗಾಜಿನ ಹೊರಗೆ ನಿಂತು ನೋಡಿದ ನಮ್ಮವರು ಚಪ್ಪಾಳೆ ತಟ್ಟಿದರು, ನಾನು ಮಾತ್ರ ಯಾರೋ ಕನ್ನಡಕ ಹಾಕಿಲ್ಲವೆಂದು ಬೈಯುತ್ತಿದ್ದೆ.

ಕಾಕಾ ಕೆಲಸಕ್ಕೆ ಮರಳಿದರು, ಧ್ವನಿ ಮರಳಲಿಲ್ಲ. ಬಹಳ ದಿನ ಪಿಸುಮಾತಿನಲ್ಲೇ ಹೊಸಬರಿಗೆ ಕೆಲಸ ಕಲಿಸಿದರು. ಕುರಿಗಳನ್ನು ಕರೆಯಲಾಗದೆ ಮನೆಯಲ್ಲಿ ತಾಟು ಬಡಿದು ಕರೆಯುತ್ತಾರೆಂದು ಅವರ ಹೆಂಡತಿ ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಧಾನಕ್ಕೆ ಸ್ವಲ್ಪ ಸ್ವಲ್ಪ ಬಂತು, ಆದರೂ ಜೋರು ಮಾಡಿದರೆ ಒಡೆಯುತ್ತಿತ್ತು. ಬೀಗರ ಮುಂದೆ ಮಾತು ಕೊಟ್ಟದ್ದೂ ಪಿಸುದನಿಯಲ್ಲೇ.

ಮದುವೆಗೆ ನಾವು ಕಾರ್ಖಾನೆಯವರೆಲ್ಲ ಕೊಂಕಲ್‌ಗೆ ಹೋದೆವು. ಅಕ್ಕಿಕಾಳು ಬಿದ್ದವು, ಬಾಜಾ ನಿಂತಿತು. ಹಂದರದ ತುಂಬ ಜನ, ಗದ್ದಲ, ಮಕ್ಕಳ ಅಳು. ಅಡುಗೆಯವರು ಎಲ್ಲ ಸಿದ್ಧವಿದೆ ಎಂದು ಬಂದು ಹೇಳಿದರು. ಮೈಕು ಕೆಟ್ಟಿತ್ತು. ಯಾರಾದರೂ ಕರೆಯಬೇಕಲ್ಲ ಎಂದು ಜನ ಅತ್ತಿತ್ತ ನೋಡುವಾಗ, ಹಳದಿ ರುಮಾಲು ಸುತ್ತಿದ್ದ ಕಾಕಾ ಕಟ್ಟೆಯ ಮೇಲೆ ಹತ್ತಿ ನಿಂತರು. ನಾನು ಬೇಡ ಎಂದು ಕೈ ಎತ್ತಿದೆ. ಅವರು ನೋಡಲಿಲ್ಲ. ಎದೆ ತುಂಬ ಉಸಿರೆಳೆದುಕೊಂಡರು.

"ಊಟಕ್ಕ ಏಳ್ರೆಪ್ಪೋ, ಎಲ್ಲಾರೂ ಊಟಕ್ಕ ಏಳ್ರಿ."

ಎಲ್ಲಿಯೂ ಒಡೆಯಲಿಲ್ಲ. ಹಂದರ ದಾಟಿ, ಓಣಿ ದಾಟಿ ಹೋಯಿತು. ಜನ ಎದ್ದು ಪಂಕ್ತಿಯ ಕಡೆ ನಡೆದರು, ನಮ್ಮ ಕಾರ್ಖಾನೆಯವರು ಮಾತ್ರ ಕೂತಲ್ಲೇ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಪಕ್ಕದಲ್ಲಿ ಕೂತಿದ್ದ ಕಾಕಾನ ಹೆಂಡತಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಕೇಳಿದ್ರೇನ್ರೀ?" ಎಂದರು.

ಕೇಳಿದೆ ಎಂದೆ.